ಹೊರಗಿನ ಇಲಿಗಳೂ ಸೊರಗಿದಾಗ

೨೦೦೧ರಲ್ಲಿ ನಾನು ಹೈದರಾಬಾದಿನ ಜೀಡಿಮೆಟ್ಲಾದ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಕಿರಿಯ ಬಯೋಕೆಮಿಸ್ಟ್ ಆಗಿದ್ದೆ. ನನ್ನ ಜೊತೆ ಎಂ.ಎಸ್ಸಿ. ಮುಗಿಸಿದವರು ಅಮೀರ್‌ಪೇಟ್‌ನ ಕಂಪ್ಯೂಟರ್ ಕ್ಲಾಸುಗಳಲ್ಲಿ ಜಾವಾ ಕಲಿಯುತ್ತಿದ್ದರು. ನಾನು ಇಲಿಗಳ ಮೂತ್ರ ಅಳೆಯುತ್ತಿದ್ದೆ. ಆಮ್ಲಜನಕ ಕಡಿಮೆಯಾದರೆ ಪ್ರಾಣಿಯ ದೇಹ ಪ್ರೋಟೀನನ್ನೂ ವಿಟಮಿನ್ನನ್ನೂ ಹೇಗೆ ಬಳಸುತ್ತದೆ ಎಂಬುದು ನಮ್ಮ ಪ್ರಶ್ನೆ. ಹನ್ನೆರಡು ಇಲಿಗಳನ್ನು ಗಾಜಿನ ಚೇಂಬರ್‌ನಲ್ಲಿಟ್ಟು, ನೈಟ್ರೋಜನ್ ಹಾಯಿಸಿ ಆಮ್ಲಜನಕವನ್ನು ಶೇಕಡ ಹತ್ತಕ್ಕೆ ಇಳಿಸುತ್ತಿದ್ದೆವು. ಇನ್ನು ಹನ್ನೆರಡು ಹೊರಗೆ, ಅದೇ ಕೋಣೆಯ, ಸುಮಾರು ಶೇಕಡ ಇಪ್ಪತ್ತೊಂದು ಆಮ್ಲಜನಕವಿರುವ ಮಾಮೂಲಿ ಗಾಳಿಯಲ್ಲಿ. ಎಲ್ಲಕ್ಕೂ ಒಂದೇ ತೂಕದ ಆಹಾರ. ಮೈಯ ಪ್ರೋಟೀನ್ ಕರಗಿದರೆ ಮೂತ್ರದಲ್ಲಿ ಯೂರಿಯಾ ಏರುತ್ತದೆ, ಅದರೊಡನೆ ಬಿ-೨ ವಿಟಮಿನ್ ಕೂಡ ಸೋರಿಹೋಗುತ್ತದೆ. ಒಳಗಿನವು ಸೊರಗಬೇಕು, ಹೊರಗಿನವು ಸೊರಗಬಾರದು.

ಮ್ಯಾನೇಜರ್ ಪ್ರಸನ್ನ ಬೆಂಗಳೂರಿನವರು. ಅವರ ಭಕ್ತಿಯೆಲ್ಲ ಕಂಪ್ಯೂಟರ್ ಮೇಲೆ. ಇಲಿ ಕೋಣೆಗೇ ಒಂದನ್ನು ತಂದಿಟ್ಟರು. ಅದಕ್ಕೆ ಸೆಖೆಯಾಗಬಾರದೆಂದು ಎ.ಸಿ., ಎ.ಸಿ.ಯ ತಂಪು ಹೋಗಬಾರದೆಂದು ಕಿಟಕಿಗೆಲ್ಲ ಥರ್ಮೋಕೋಲ್. ಚೇಂಬರ್‌ನ ಗಾಳಿಯನ್ನು ಕಿಟಕಿಯಾಚೆ ಬಿಡುತ್ತಿದ್ದ ಕೊಳವೆಯನ್ನು ಒಳಗೆಳೆದು, ಹೊರಗಿನ ಇಲಿಗಳ ಗೂಡುಗಳಿದ್ದ ರ‍್ಯಾಕಿನ ಕೆಳಗೆ ತುರುಕಿಸಿದರು. ನನ್ನ ಪದವಿಯನ್ನು ಜೇಬಿನಲ್ಲಿಟ್ಟುಕೊಂಡು ನಾನು ನೋಡುತ್ತ ನಿಂತಿದ್ದೆ.

ಎರಡನೆಯ ವಾರ ಹೊರಗಿನ ಇಲಿಗಳ ತೂಕವೂ ಇಳಿಯಿತು, ಯೂರಿಯಾ ಏರಿತು. ಗೂಡು ತೊಳೆದು ಆಹಾರ ಹಾಕುತ್ತಿದ್ದ ರಾಯಚೂರು ಕಡೆಯ ನಾಗಮ್ಮ ನಮ್ಮ ಲೆಕ್ಕಕ್ಕಿಂತ ಮೊದಲೇ ಹೇಳಿದ್ದರು:

“ಹೊರಗಿನವೂ ಒಳಗಿನವುಗಳಂಗ ಮುದುಡಿ ಕುಂತಾವ್ರಿ ಸರ. ನನಗೂ ತಲಿ ಭಾಳ ನೋಯಾಕತ್ತೈತಿ. ಆ ಕಿಡಕಿ ಜರಾ ತೆಗೀರಿ.”

“ಇಲಿ ಹತ್ತು ಪರ್ಸೆಂಟಲ್ಲಿ ಆರಾಮಾಗಿದೆ,” ಎಂದರು ಪ್ರಸನ್ನ. “ನಿಮಗೆ ಇಪ್ಪತ್ತೊಂದೂ ಸಾಲಲ್ವೇನಮ್ಮಾ?”

“ಆರಾಮ ಅದೀನಿ ಅಂತ ಇಲಿ ನಿಮ್ಮ ಮುಂದ ಬಂದು ಹೇಳೈತೇನ್ರಿ?”

ಪ್ರಸನ್ನರಿಗೆ ಇದು ಸೊಕ್ಕಿನಂತೆ ಕಂಡಿತು. ಹಸಿದ ಇಲಿಯ ಮೂತ್ರದಲ್ಲೂ ಯೂರಿಯಾ ಏರುತ್ತದಲ್ಲ, ಆಹಾರದ ಹಿಟ್ಟನ್ನು ಈಕೆಯೇ ಮನೆಗೆ ಒಯ್ಯುತ್ತಾಳೆ ಎಂದು ತೀರ್ಮಾನಿಸಿದರು. ಮುಂದಿನ ಶನಿವಾರದಿಂದ ಕೆಲಸವಿಲ್ಲ ಎಂಬ ಪತ್ರವನ್ನು ಬರೆದದ್ದು ನಾನು. ನಾಗಮ್ಮನಿಗೆ ಓದಿ ಹೇಳಿದ್ದೂ ನಾನೇ.

ಕೋಣೆಯಲ್ಲಿ ಆಮ್ಲಜನಕದ ಮೀಟರ್ ಇರಲಿಲ್ಲವೆಂದಲ್ಲ. ಶುದ್ಧ ಗಾಳಿಯಲ್ಲಿ ಆಮ್ಲಜನಕ ಶೇಕಡ ೨೦.೯. ದಿನಾ ಬೆಳಿಗ್ಗೆ ಆ ಕೋಣೆಯಲ್ಲೇ ನಿಂತು, ಮೀಟರ್ ೨೦.೯ ತೋರಿಸುವವರೆಗೆ ಸ್ಕ್ರೂ ತಿರುಗಿಸಿ, ಆಮೇಲೆ ಚೇಂಬರ್ ಅಳೆಯುತ್ತಿದ್ದೆ. ಹಾಗೆ ಮಾಡುವುದೇ ನಮ್ಮ ರೂಢಿ.

ಆ ಶನಿವಾರದ ಹಿಂದಿನ ದಿನ, ಶುಕ್ರವಾರ ಹನ್ನೊಂದರ ಹೊತ್ತಿಗೆ ನಾಗಮ್ಮ ಟ್ರೇ ಎಳೆಯಲು ರ‍್ಯಾಕಿನ ಕೆಳಗೆ ತೂರಿದರು. ಕೂಗಲಿಲ್ಲ, ಕೆಮ್ಮಲಿಲ್ಲ. ಅವರ ಚಪ್ಪಲಿ ಮಾತ್ರ ಕಾಣುತ್ತಿತ್ತು, ಅಲುಗುತ್ತಿರಲಿಲ್ಲ. ನಾನು ಬಗ್ಗಿ ಕಾಲು ಹಿಡಿದೆ. ಮುಖ ಆ ಕೊಳವೆಯ ಬಾಯಿಗೆ ಹತ್ತಿರ ಬಂತು; ಕಿವಿಯೊಳಗೆ ಗುಂಯ್ ಎಂದಿತು, ನನ್ನ ಬೆರಳು ಹಿಡಿದಿದೆಯೋ ಬಿಟ್ಟಿದೆಯೋ ನನಗೇ ತಿಳಿಯಲಿಲ್ಲ. ಇಷ್ಟು ವರ್ಷವಾದರೂ ಆ ಬೆರಳುಗಳನ್ನು ಮತ್ತೆ ಮತ್ತೆ ಬಿಗಿ ಹಿಡಿಯುತ್ತಲೇ ಇದ್ದೇನೆ. ಹೇಗೋ ಅವರನ್ನು ಹೊರಗಿನ ಮೆಟ್ಟಿಲಿನ ತನಕ ಎಳೆದು ತಂದೆ.

ನನ್ನ ಕೊರಳಲ್ಲಿ ನೇತಾಡುತ್ತಿದ್ದ ಮೀಟರ್ ಅಲ್ಲಿ ೨೫.೭ ತೋರಿಸಿತು. ಬಯಲಿನ ಗಾಳಿಯಲ್ಲಿ ಅಷ್ಟು ಆಮ್ಲಜನಕ ಎಲ್ಲೂ ಇಲ್ಲ. ಲೆಕ್ಕ ಹಾಕಿದರೆ, ಕೊಳವೆಯ ಗಾಳಿ ತುಂಬಿ ಅಂದು ಬೆಳಿಗ್ಗೆ ಕೋಣೆಯಲ್ಲಿ ಆಮ್ಲಜನಕ ಶೇಕಡ ಹದಿನೇಳಕ್ಕೆ ಇಳಿದಿತ್ತು; ಅದನ್ನೇ ನಾನು ೨೦.೯ ಎಂದು ಮೀಟರ್‌ಗೆ ಕಲಿಸಿದ್ದೆ. ಹೊರಗಿನ ಇಲಿಗಳು ಹೊರಗಿರಲೇ ಇಲ್ಲ. ನಾಗಮ್ಮನೂ.

ಪ್ರಸನ್ನ ಬಂದವರು ಮೊದಲು ನೋಡಿದ್ದು ಮೀಟರನ್ನು. “ಕೆಟ್ಟೋಗಿದೆ ಕಣ್ರೀ ಇದು. ಬೇರೆ ತರಿಸಿ.”

ಸ್ವಲ್ಪ ಹೊತ್ತಿಗೆ ನಾಗಮ್ಮ ಕಣ್ಣು ಬಿಟ್ಟರು. ನೀರು ಕೇಳಲಿಲ್ಲ.

“ಹಿಟ್ಟ ನಾ ಒಯ್ದಿಲ್ರಿ ಸರ,” ಎಂದರು.

ಪತ್ರ ಹರಿದೆ, ಥರ್ಮೋಕೋಲ್ ಕಿತ್ತೆ, ಆವರೆಗಿನ ಅಂಕಿಗಳೆಲ್ಲ ಸುಳ್ಳೆಂದು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿದೆ. ನಾಗಮ್ಮ ಕೆಲಸದಲ್ಲಿ ಉಳಿದರು. ಅಂದಿನಿಂದ ಬಯಲಿಗೆ ಬಂದು ನಿಲ್ಲದೆ ಯಾವ ಮೀಟರನ್ನೂ ಸರಿಪಡಿಸಿಲ್ಲ. ಕೆಲಸದವರು ತಲೆನೋವೆಂದರೆ ಮೊದಲು ಕಿಟಕಿ ತೆಗೆಯುತ್ತೇನೆ, ಕಾರಣ ಆಮೇಲೆ ಕೇಳುತ್ತೇನೆ. ಪ್ರಸನ್ನರನ್ನು ಹೀನವಾಗಿ ಕಾಣುವುದು ನನಗೆ ಇಂದಿಗೂ ಸುಲಭ. ಆದರೆ ದಿನಾ ಬೆಳಿಗ್ಗೆ ಆ ಸ್ಕ್ರೂ ತಿರುಗಿಸಿದ್ದು ಅವರಲ್ಲ.