‘ನೀರು ಬಿಟಿದಿನಿ, ಬೇಗ ತುಂಬಕೊಳಿ’

ಬೀದಿದೀಪಗಳು ಇನ್ನೂ ಆರಿಲ್ಲ. ಮೂರು ರಸ್ತೆಗಳು ಕೂಡುವಲ್ಲಿ ಕಬ್ಬಿಣದ ಮುಚ್ಚಳ ಸರಿಸಿಟ್ಟ ಒಂದು ಗುಂಡಿ. ಅದರ ಪಕ್ಕ ಮಂಡಿಯೂರಿ, ಗುಂಡಿಯೊಳಕ್ಕೆ ಇಳಿಬಿಟ್ಟ ಉದ್ದನೆಯ ಸಲಾಕೆಯ ಹಿಡಿಗೆ ಕಿವಿಯೊತ್ತಿ ಒಬ್ಬರು ಕೂತಿದ್ದಾರೆ. ಹಾಲಿನವನ ಸೈಕಲ್ಲು ಮೈಗೆ ತಾಗುವಂತೆ ಹಾದುಹೋದರೂ ತಲೆ ಎತ್ತುವುದಿಲ್ಲ. ಹೊಸಬರು ನೋಡಿದರೆ, ಪಾಪ, ಯಾರೋ ತಲೆಸುತ್ತಿ ಕುಸಿದಿದ್ದಾರೆ ಅಂದುಕೊಳ್ಳಬೇಕು. ಹಾಗೆಂದುಕೊಂಡ ಪುಣ್ಯಾತ್ಮರೊಬ್ಬರು ಒಮ್ಮೆ ಓಡಿಬಂದು ಮುಖಕ್ಕೆ ನೀರು ಚಿಮುಕಿಸಿದ್ದೂ ಉಂಟು.

“ಷ್, ಬಂತು!” ಅನ್ನುತ್ತಾರೆ ನೀರಗಂಟಿ. ಈ ಬಡಾವಣೆಯ ಬೀದಿಬೀದಿಗೂ ಸರದಿಯ ಮೇಲೆ ನೀರು ಬಿಡುವ ಕೆಲಸ ಇವರದು. ಕೊಳವೆಯಲ್ಲಿ ಮೊದಲು ಗಾಳಿ ಓಡುತ್ತದೆ, ಆಮೇಲೆ ನೀರು. ಎರಡರ ಸದ್ದೂ ಬೇರೆ. ಗಾಳಿ ಪೂರ್ತಿ ಹೋಗುವ ಮೊದಲೇ, ವಾಲ್ವಿಗೆ ಸಿಕ್ಕಿಸಿದ ಸಲಾಕೆಯನ್ನು ಭರ್ರನೆ ತಿರುಗಿಸಿದರೆ ಹಳೆಯ ಕೊಳವೆ ಎಲ್ಲಾದರೂ ಬಾಯಿಬಿಡುತ್ತದೆ. ಬಾಯಿಬಿಟ್ಟರೆ ಬೈಗುಳ ತಿನ್ನುವುದು ಕೊಳವೆಯಲ್ಲ, ಇವರು. ಹಾಗಾಗಿ ಮಗುವಿನ ತೊಟ್ಟಿಲು ತೂಗುವಷ್ಟು ಮೆಲ್ಲಗೆ ತಿರುಗಿಸುತ್ತಾರೆ.

ನೀರು ಬಿಟ್ಟದ್ದಾಯಿತು. ಇನ್ನು ಕಷ್ಟದ ಕೆಲಸ. ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತಾರೆ. ಅಂಗಿಯೂ ಒದ್ದೆಯೇ. ಪ್ಲಾಸ್ಟಿಕ್ ಚೀಲದಿಂದ ಫೋನು ಹೊರತೆಗೆದು, ತುಟಿ ಅಲ್ಲಾಡಿಸುತ್ತಾ ಹೆಬ್ಬೆರಳಿನಿಂದ ಒಂದೊಂದೇ ಅಕ್ಷರ ಒತ್ತುತ್ತಾರೆ. ಪರೀಕ್ಷೆಗೆ ಕೂತವರ ಹಣೆಯಲ್ಲೂ ಇಷ್ಟು ಬೆವರು ಕಾಣುವುದಿಲ್ಲ. ಕೊನೆಗೆ ಬಡಾವಣೆಯ ಗ್ರೂಪಿಗೆ ಸಂದೇಶ ಹೋಗುತ್ತದೆ:

“ಮುರನೆ ರಸ್ತೆ ನೀರು ಬಿಟಿದಿನಿ ಬೇಗ ತುಂಬಕೊಳಿ ಯಾರು ಮೊಟರ ಹಾಕಬೆಡಿ ಮೆಲಿನ ಮನೆ ಅಜಿಗೆ ಎರೊದಿಲ.”

ಮೂರನೇ ರಸ್ತೆಯಲ್ಲಿ ದೀಪಗಳು ಹತ್ತುತ್ತವೆ, ಬಕೆಟ್ಟುಗಳು ಸದ್ದು ಮಾಡುತ್ತವೆ. ಗ್ರೂಪಿನಲ್ಲಿ ಮೊದಲ ಉತ್ತರವೂ ಬರುತ್ತದೆ: “ಮೂರನೇ. ಬಿಟ್ಟಿದ್ದೀನಿ. ತುಂಬಿಕೊಳ್ಳಿ. ಮೋಟಾರ್. ಅಜ್ಜಿಗೆ.” ಇದನ್ನು ಬರೆದವರು ಮೂಲೆಮನೆಯ ಹಿರಿಯರು. ಅಚ್ಚುಕೂಟವೊಂದರಲ್ಲಿ ಕರಡು ತಿದ್ದುತ್ತಾ ತಲೆ ಬೆಳ್ಳಗೆ ಮಾಡಿಕೊಂಡು ನಿವೃತ್ತರಾದವರು. ಇಡೀ ಬಡಾವಣೆಗೆ ಅವರು ‘ತಿದ್ದುಪಡಿ ಸರ್’. ಅವರು ಮೊದಲು ಸಂದೇಶ ತಿದ್ದುತ್ತಾರೆ, ಆಮೇಲೆ ನಲ್ಲಿ ತಿರುಗಿಸುತ್ತಾರೆ. “ಏನ್ಮಾಡ್ಲಿ? ತಪ್ಪು ಕಂಡ್ರೆ ನನಗೆ ತುತ್ತಿನಲ್ಲಿ ಕಲ್ಲು ಸಿಕ್ಕ ಹಾಗಾಗುತ್ತೆ. ಉಗುಳದೆ ಇರೋಕಾಗಲ್ಲ,” ಅನ್ನುವುದು ಅವರ ಸಮಜಾಯಿಷಿ.

ಗ್ರೂಪಿಗೆ ಬರೆಯಬೇಕೆಂದು ಕಚೇರಿಯವರು ನೀರಗಂಟಿಗೆ ಯಾವತ್ತೂ ಹೇಳಿದ್ದಿಲ್ಲ. ನೀರು ಬಿಡುವುದು ಕೆಲಸ. ಹಿಡಿದುಕೊಳ್ಳುವುದು ಜನರ ಹಣೆಬರಹ. ಆದರೆ ಮೂರನೇ ರಸ್ತೆಯ ಮೇಲಿನ ಮಹಡಿಯಲ್ಲಿ ಮಂಡಿನೋವಿನ ಅಜ್ಜಿಯೊಬ್ಬರು ಒಂಟಿಯಾಗಿದ್ದಾರೆ. ಕೆಳಗಿನವರೆಲ್ಲ ಮೋಟಾರು ಹಾಕಿ ಎಳೆದುಕೊಂಡರೆ ಅವರ ನಲ್ಲಿ ಬರೀ ಬಿಕ್ಕಳಿಸುತ್ತದೆ. “ಒಂದಿನ ಅಜ್ಜಿ ಚೊಂಬು ಹಿಡ್ಕೊಂಡು ಮೆಟ್ಟಿಲು ಇಳೀತಿದ್ರು. ಕೂತ್ಕೊಂಡೇ ಇಳೀತಿದ್ರು, ಒಂದೊಂದೇ ಮೆಟ್ಟಿಲು. ನೋಡೋಕಾಗ್ಲಿಲ್ಲ. ಅವತ್ತಿಂದ ಬರೆಯೋಕೆ ಶುರು ಮಾಡ್ದೆ,” ಅನ್ನುತ್ತಾರೆ ನೀರಗಂಟಿ, ಕೇಳಲು ಹೋದ ನಮ್ಮೊಡನೆ.

ಅವರ ಓದು ನಾಲ್ಕನೇ ತರಗತಿಗೇ ಮುಗಿದಿತ್ತು. ಅಪ್ಪನ ಜೊತೆ ಕೊಳವೆಗೆ ಗುಂಡಿ ತೋಡಲು ಹೋದವರು ಮತ್ತೆ ಶಾಲೆಯ ಕಡೆ ತಿರುಗಲಿಲ್ಲ. “ಅಕ್ಷರ ಎಲ್ಲಾ ಗೊತ್ತು ಸರ್. ಅದರ ಬಾಲ, ಕೊಂಬು, ಕೆಳಗೆ ನೇತಾಕೋದು, ಅವೇ ಕೈಕೊಡ್ತವೆ. ಬೆರಳು ದಪ್ಪ, ಫೋನು ಸಣ್ಣದು. ಮಾತಾಡೋ ಹಾಗೇ ಒತ್ಬಿಡ್ತೀನಿ.” ಹಾಗಿದ್ದರೆ ಮಾತಾಡಿಯೇ ಕಳಿಸಬಹುದಲ್ಲ? ಕಳಿಸಿದ್ದರಂತೆ, ಒಂದು ಸಲ. ಮಲಗಿದ್ದಲ್ಲೇ ಅದನ್ನು ಹಾಕಿ ಕೇಳಿಸಿಕೊಂಡವರೊಬ್ಬರ ಹೆಂಡತಿ, ಕತ್ತಲೆಯಲ್ಲಿ ‘ಬಿಟ್ಟಿದೀನಿ, ಬೇಗ ಏಳಿ’ ಎಂಬ ಗಂಡಸಿನ ದನಿ ಕೇಳಿ, ಯಾರೋ ನಾಯಿ ಛೂಬಿಟ್ಟಿದ್ದಾನೆಂದು ಕಿರುಚಿ ಮನೆಯವರನ್ನೆಲ್ಲ ಎಬ್ಬಿಸಿದರು. ಧ್ವನಿಯ ಅಧ್ಯಾಯ ಅಲ್ಲಿಗೇ ಮುಗಿಯಿತು.

ಹೀಗೆ ಶುರುವಾದ ಬರವಣಿಗೆ ಬಡಾವಣೆಯನ್ನು ಎರಡು ಪಂಗಡ ಮಾಡಿತು. ನಿಜ ಹೇಳಬೇಕೆಂದರೆ ಆ ಗ್ರೂಪಿನಲ್ಲಿ ಕಾಗುಣಿತಕ್ಕೆ ನಡೆದಷ್ಟು ಜಗಳ ನೀರಿಗೂ ನಡೆದಿಲ್ಲ. ವ್ಯಾಯಾಮಶಾಲೆ ನಡೆಸುವ ಪೈಲ್ವಾನರು, “ಹೊರಗಿನವರು ಓದಿದರೆ ನಮ್ಮ ಬಡಾವಣೆಯ ಮರ್ಯಾದೆ ಏನಾಗಬೇಕು? ಎಲ್ಲರು ದಯವಿಟು ಶುದವಾಗಿ ಬರೆಯಿರಿ,” ಎಂದು ಗುಡುಗಿದರು. ಶುದ್ಧವಾಗಿ ಬರೆಯಿರಿ ಎಂಬ ಆ ಗುಡುಗನ್ನೂ ತಿದ್ದುಪಡಿ ಸರ್ ಬಿಡದೆ ತಿದ್ದಿದರು. ಎರಡನೇ ರಸ್ತೆಯ ಟೈಲರಮ್ಮ ಮಾತ್ರ ನೀರಗಂಟಿಯ ಕಡೆ. “ನೀರು ಬಂತಲ್ಲ, ಹಿಡ್ಕೊಳ್ಳಿ. ಕಾಗುಣಿತದಲ್ಲಿ ಬಟ್ಟೆ ಒಗೀತೀರಾ?” ಎಂದು ಕೇಳಿದರು.

ನೀರಗಂಟಿಗೆ ಇದೊಂದೂ ನಾಟುತ್ತಿರಲಿಲ್ಲ. ಗುಂಡಿಯಲ್ಲಿ ಕಪ್ಪೆ ಕೈಮೇಲೆ ಹಾರಿದರೂ ಕದಲದ ಮನುಷ್ಯ. “ಬೈಸ್ಕೊಳ್ಳೋದು ನಮ್ಮ ಕೆಲಸದಲ್ಲೇ ಬಂದಿದೆ. ನೀರು ಬಂದಿಲ್ಲ ಅಂದ್ರೂ ಬೈತಾರೆ, ಬೇಗ ಬಂತು ಅಂದ್ರೂ ಬೈತಾರೆ. ಈಗ ಅಕ್ಷರಕ್ಕೂ ಸೇರಿಸ್ಕೊಂಡಿದಾರೆ ಅಷ್ಟೆ,” ಎಂದು ನಗುತ್ತಿದ್ದರು. ನಾಟಿದ್ದು ಮನೆಯಲ್ಲಿ.

ಯಾರೋ ಒಬ್ಬರು ಅವರ ಸಂದೇಶದ ಚಿತ್ರ ತೆಗೆದು, ನಗುವ ಮುಖಗಳನ್ನು ಸುರಿದು ಊರಿಗೆಲ್ಲ ಹಂಚಿದರು. ಬಲ್ಲವರು, ಬಲ್ಲೆವೆಂದುಕೊಂಡವರು ಎಲ್ಲ ಕೈಜೋಡಿಸಿದರು. ‘ಇವರ ಮೇಷ್ಟ್ರು ಯಾರಪ್ಪಾ’ ಎಂದು ಕೆಲವರು, ‘ನುಡಿಯ ಕೊಲೆ’ ಎಂದು ಕೆಲವರು, ‘ಬಡವನನ್ನು ಆಡಿಕೊಳ್ಳುತ್ತೀರಾ’ ಎಂದು ಮತ್ತಷ್ಟು ಜನ. ಅದು ಸುತ್ತಿ ಸುತ್ತಿ ನೀರಗಂಟಿಯ ಮಗಳ ಕಾಲೇಜಿಗೂ ಬಂತು. ಕ್ಯಾಂಟೀನಿನಲ್ಲಿ ಟೀ ಲೋಟ ಮುಂದಿಡುವಾಗೆಲ್ಲ ಗೆಳತಿಯರು ‘ಬಿಟಿದಿನಿ, ಬೇಗ ತುಂಬಕೊಳಿ’ ಎನ್ನತೊಡಗಿದರು. ಮಗಳೂ ಅವರ ಜೊತೆ ನಕ್ಕಳು. ಬರೆದವರು ನನ್ನ ಅಪ್ಪ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಮನೆಗೆ ಬಂದು ಊಟ ಬೇಡವೆಂದು ಮುಸುಕು ಹಾಕಿ ಮಲಗಿದಳು. ಅಮ್ಮ ಕೇಳಿಕೇಳಿ ಬಾಯಿ ಬಿಡಿಸಿದಾಗ ಅಪ್ಪ ಪಕ್ಕದ ಕೋಣೆಯಲ್ಲೇ ಇದ್ದರು. ಗೋಡೆ ತೆಳುವಾದದ್ದು.

“ನನ್ನಿಂದ ಅವಳು ತಲೆ ತಗ್ಗಿಸೋ ಹಾಗೆ ಆಗ್ಬಾರ್ದಲ್ವಾ ಸರ್? ಇನ್ಮೇಲೆ ಬರೆಯಲ್ಲ ಅಂತ ನಿರ್ಧಾರ ಮಾಡ್ಬಿಟ್ಟೆ. ಆದ್ರೆ ಅಜ್ಜಿ ನೆನಪಾದ್ರು.” ಆ ಸಂಕಟವನ್ನು ಆಗ ಅವರು ಮನೆಯಲ್ಲಿ ಹೇಳಿಕೊಳ್ಳಲಿಲ್ಲ. ಎರಡು ಸಲ ಬರೀ ಫೋನು ನೋಡಿ ಜೇಬಿಗಿಟ್ಟುಕೊಂಡಿದ್ದನ್ನು ಕಂಡು ಮಗಳೇ ದಾರಿ ತೋರಿಸಿದಳು. “ಅಪ್ಪ, ಇನ್ಮೇಲೆ ನಾನೇ ಬರೀತೀನಿ. ಫೋನು ಮನೇಲಿ ಬಿಟ್ಟುಹೋಗು. ಯಾವ ರಸ್ತೆಗೆ ಅಂತ ಹೇಳಿದ್ರೆ ಸಾಕು.” ಮಗಳು ಭಾಷೆಯಲ್ಲಿ ಕ್ಲಾಸಿಗೇ ಮೊದಲು. ಅಪ್ಪನಿಗೂ ಇದಕ್ಕಿಂತ ಇನ್ನೇನು ಬೇಕು?

ಅದೇ ಸಂಜೆ ಕಚೇರಿಯಿಂದ ಕರೆ ಬಂತು. ಮುಖ್ಯ ಕೊಳವೆಯ ದುರಸ್ತಿ ಇದೆ, ಎರಡು ದಿನ ನೀರಿಲ್ಲ. ಸರದಿ ಅಲ್ಲದಿದ್ದರೂ ಬೆಳಗಾಗುತ್ತಲೇ ಎಲ್ಲ ರಸ್ತೆಗೂ ಬಿಟ್ಟುಬಿಡಿ ಎಂದರು. ಬೆಳಿಗ್ಗೆ ಅಪ್ಪ ಸಲಾಕೆ ಹೊತ್ತು ಹೊರಟರು. ಮಗಳು ಕೂತು, ಬರೆದು, ಅಳಿಸಿ, ಮತ್ತೆ ಬರೆದು ಕಳಿಸಿದಳು: “ಮಾನ್ಯ ನಿವಾಸಿಗಳ ಗಮನಕ್ಕೆ. ಮುಖ್ಯ ಕೊಳವೆಯ ದುರಸ್ತಿಯ ಪ್ರಯುಕ್ತ ಮುಂದಿನ ಎರಡು ದಿನ ನೀರು ಸರಬರಾಜು ಇರುವುದಿಲ್ಲ. ಆದ್ದರಿಂದ ಇಂದೇ ನೀರು ಬಿಡಲಾಗಿದ್ದು, ದಯವಿಟ್ಟು ಸಂಗ್ರಹಿಸಿಕೊಳ್ಳಬೇಕಾಗಿ ವಿನಂತಿ.” ಒಂದು ಚುಕ್ಕಿಯೂ ಆಚೀಚೆ ಆಗಿರಲಿಲ್ಲ.

ಗ್ರೂಪಿನಲ್ಲಿ ಸಿಡಿಲು ಬಡಿದಂತಾಯಿತು. ತಿದ್ದುಪಡಿ ಸರ್ ಕನ್ನಡಕ ಒರೆಸಿಕೊಂಡು ಎರಡೆರಡು ಸಲ ಓದಿದರು. ತಿದ್ದಲು ಏನೂ ಇರಲಿಲ್ಲ. “ಎಲ್ಲರೂ ಎಚ್ಚರ! ಇದು ನಮ್ಮ ನೀರಗಂಟಿಯವರ ಬರಹವಲ್ಲ. ಅವರ ಫೋನು ಕಳುವಾಗಿದೆ. ಯಾರೂ ಉತ್ತರಿಸಬೇಡಿ,” ಎಂದು ಬರೆದೇಬಿಟ್ಟರು. “ವಿನಂತಿ ಅಂತೆ, ವಿನಂತಿ! ಆಯಪ್ಪ ಯಾವತ್ತು ವಿನಂತಿ ಮಾಡಿದ್ರು?” ಎಂದು ಟೈಲರಮ್ಮನೂ ದನಿಗೂಡಿಸಿದರು. ಇನ್ನು ಸ್ವಲ್ಪ ಹೊತ್ತಿಗೆ ಬ್ಯಾಂಕಿನ ನಂಬರು ಕೇಳುತ್ತಾನೆ ನೋಡುತ್ತಿರಿ ಎಂದರು ಪೈಲ್ವಾನರು. ಕೊನೆಗೆ ತಿದ್ದುಪಡಿ ಸರ್ ಆ ಫೋನಿಗೆ ಕರೆ ಮಾಡಿದರು. ಅಪರಿಚಿತರ ಜೊತೆ ಏನು ಮಾತಾಡುವುದೆಂದು ಗಾಬರಿಯಾದ ಮಗಳು ಕರೆ ಕತ್ತರಿಸಿದಳು. ಕಳ್ಳನೇ ಎಂಬುದು ಖಾತ್ರಿಯಾಯಿತು. ಸರದಿಯ ದಿನವೂ ಅಲ್ಲ. ಬಡಾವಣೆ ಮತ್ತೊಮ್ಮೆ ಹೊದ್ದು ಮಲಗಿತು.

ಅತ್ತ ನೀರಗಂಟಿ ಗುಂಡಿಯಿಂದ ಗುಂಡಿಗೆ ನಡೆಯುತ್ತಿದ್ದರು. “ಅವತ್ತು ಒಬ್ರೂ ಬಾಗಿಲು ತೆಗೆದು ಬೈಲಿಲ್ಲ. ಆಹಾ, ಮಗಳ ಬರಹದ ಮಹಿಮೆ ನೋಡು ಅಂದ್ಕೊಂಡು ಖುಷಿಯಾಗಿ ಬಂದೆ,” ಎಂದು ಈಗ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಆ ದಿನ ನೀರು ಹಿಡಿದವರು ಮೇಲಿನ ಮನೆಯ ಅಜ್ಜಿ ಒಬ್ಬರೇ. ಅವರು ಗ್ರೂಪು ಓದುವವರಲ್ಲ. ಯಾವ ದೇವರು ಯಾವಾಗ ಕಣ್ಣುಬಿಡುತ್ತಾನೋ ಎಂದು ನಲ್ಲಿಯನ್ನು ಸದಾ ತೆರೆದೇ ಇಟ್ಟಿರುತ್ತಾರೆ. ಕೆಳಗೆ ಯಾರೂ ಎಳೆಯದ ಕಾರಣ ನೀರು ಮೊದಲ ಬಾರಿಗೆ ಅವರ ಮಹಡಿಗೆ ಧೋ ಎಂದು ಏರಿತು. ಅಜ್ಜಿ ತೊಟ್ಟಿ, ಬಿಂದಿಗೆ, ಪಾತ್ರೆ, ಕೊನೆಗೆ ಹೂದಾನಿಯನ್ನೂ ತುಂಬಿಸಿಟ್ಟರು. ಮರುದಿನ ಇಡೀ ರಸ್ತೆ ಅವರ ಮೆಟ್ಟಿಲ ಮೇಲೆ ಸಾಲು ನಿಂತಿತು. ಮೊದಲು ನಿಂತವರು ಬಕೆಟ್ಟು ಹಿಡಿದ ತಿದ್ದುಪಡಿ ಸರ್. “ಒಬ್ಬೊಬ್ರಿಗೆ ಒಂದೊಂದು ಚೊಂಬು. ತಳ್ಳಾಡಬೇಡಿ,” ಎಂದು ಅಜ್ಜಿ ಮೇಲಿನಿಂದ ಅಪ್ಪಣೆ ಕೊಡುತ್ತಿದ್ದರು.

ಗ್ರೂಪಿನಲ್ಲಿ ಮಾತ್ರ ಯಾರಿಗೂ ನಗು ಬರಲಿಲ್ಲ. ನೀರಗಂಟಿ ಮಗಳ ಹೆಸರೆತ್ತದೆ, ಆ ಸಂದೇಶ ತಮ್ಮದೇ ಎಂದು ಒಪ್ಪಿಕೊಂಡರು: “ತಪು ನನದು ಎಲರು ಬೆಜಾರ ಮಾಡಕೊಬೆಡಿ.” ಅಷ್ಟಕ್ಕೆ ಸುಮ್ಮನಾಗಬಹುದಿತ್ತು. ಎರಡು ದಿನ ಸ್ನಾನವಿಲ್ಲದೆ ಮೈಯೆಲ್ಲ ತುರಿಸುತ್ತಿದ್ದ ಪೈಲ್ವಾನರು, “ನಾಲ್ಕಕ್ಷರ ಬರೆಯಲು ಬಾರದವನಿಗೆ ನೀರು ಬಿಡೋ ಕೆಲಸ ಕೊಟ್ಟವರು ಯಾರು? ತೆಗೆದುಹಾಕಿ,” ಎಂದು ಬರೆದರು. ಒಬ್ಬರಾದ ಮೇಲೆ ಒಬ್ಬರು ಹೂಂಗುಟ್ಟಿದರು.

ಆ ಗ್ರೂಪಿನಲ್ಲಿ ಹೂವಿನ ಚಿತ್ರ ಹಾಕಿಕೊಂಡು, ಒಂದು ದಿನವೂ ತುಟಿ ಬಿಚ್ಚದ ಸದಸ್ಯೆಯೊಬ್ಬಳಿದ್ದಳು. ಅಪ್ಪನನ್ನು ಯಾರು ಯಾರು ಆಡಿಕೊಳ್ಳುತ್ತಾರೆಂದು ನೋಡಲಿಕ್ಕೇ ಸೇರಿದ್ದವಳು. ಕಾಲೇಜಿನ ಬಸ್ಸಿನಲ್ಲಿ, ಗೆಳತಿಯರ ಮಧ್ಯೆ ನಿಂತೇ ಅವಳು ಟೈಪು ಮಾಡಿದಳು. ಬಸ್ಸು ಕುಲುಕುತ್ತಿತ್ತು, ಈ ಸಲ ಒಂದಕ್ಷರವನ್ನೂ ಅಳಿಸಿ ಬರೆಯಲಿಲ್ಲ:

“ಆ ಮೆಸೆಜ ಬರೆದಿದು ನಾನು ಅಪ ಅಲ. ಅವರು ನನ ಅಪ. ನಿಮಗೆ ನೀರು ಬಿಟು ನಿಮಗೆ ಹೆಳಿ ನಿಮ ಹತಿರ ಬೈಸಕೊತಾರೆ. ಕೆಲಸದಿಂದ ತೆಗಿಬೆಕು ಅನೊರು ನಾಳೆ ಬಂದು ಆ ಮುಚಳ ಎತಿ ನೋಡೊಣ.”

‘ಏನೇ ಅದು?’ ಎಂದು ಗೆಳತಿ ಇಣುಕಿದಳು. ಮಗಳು ಈ ಸಲ ಫೋನು ಮುಚ್ಚಿಕೊಳ್ಳಲಿಲ್ಲ. ‘ಕ್ಯಾಂಟೀನಲ್ಲಿ ಆಡ್ಕೋತೀರಲ್ಲ, ಅದು ನಮ್ಮಪ್ಪ ಬರೆದಿದ್ದು,’ ಅಂದಳು. ಗೆಳತಿಯ ಮುಖ ಸಪ್ಪಗಾಯಿತು.

ತಿದ್ದುಪಡಿ ಸರ್ ಏನೋ ಬರೆಯುತ್ತಿದ್ದಾರೆ ಎಂದು ಗ್ರೂಪಿನಲ್ಲಿ ಎಲ್ಲರಿಗೂ ಕಾಣುತ್ತಿತ್ತು. ಆಮೇಲೆ ಅದೂ ನಿಂತಿತು. “ತಪ್ಪುಗಳು ಕಣ್ಣಿಗೆ ಹೊಡೀತಿದ್ವು. ತಿದ್ದೋಕೆ ಹೊರಟೆ, ಬೆರಳೇ ಮುಂದಕ್ಕೆ ಹೋಗ್ಲಿಲ್ಲ,” ಅನ್ನುತ್ತಾರೆ ಅವರು. ಮರುದಿನ ಬೆಳಿಗ್ಗೆ ಪೈಲ್ವಾನರು ಗುಂಡಿಯ ಬಳಿ ಬಂದರು. ಜಗಳಕ್ಕೆಂದುಕೊಂಡರೆ, ಮುಚ್ಚಳ ಎತ್ತಲು ಬಗ್ಗಿದರು. ಒಂದೇ ಸಲಕ್ಕೆ ಎತ್ತಿ ಸೊಂಟ ಹಿಡಿದುಕೊಂಡು ನೆಲಕ್ಕೆ ಕೂತರು. ನೀರಗಂಟಿಯೇ ಕೈಕೊಟ್ಟು ಎಬ್ಬಿಸಿ ಮನೆಗೆ ಬಿಟ್ಟುಬಂದರು.

ಈಗ ಸಂದೇಶಗಳನ್ನು ಮತ್ತೆ ಅಪ್ಪನೇ ಬರೆಯುತ್ತಾರೆ. ಅದು ಬಡಾವಣೆಯ ಒಮ್ಮತದ ತೀರ್ಮಾನ. ಒಂದು ಕಡೆಯಾದರೂ ತಪ್ಪಿಲ್ಲದಿದ್ದರೆ ನಂಬುವುದು ಬೇಡವೆಂದು ಸೂಚಿಸಿದವರು ಸ್ವತಃ ತಿದ್ದುಪಡಿ ಸರ್. ತಿದ್ದುವುದನ್ನು ಅವರೇನೂ ಬಿಟ್ಟಿಲ್ಲ. ಆದರೆ ಈಗ ಮೊದಲು ನಲ್ಲಿ ತಿರುಗಿಸಿ ಬರುತ್ತಾರೆ.

ಇನ್ನೇನಾದರೂ ಆಸೆ ಇದೆಯೇ ಎಂದರೆ ನೀರಗಂಟಿ, ಹಗುರವಾದ ಮುಚ್ಚಳ ಬಂದರೆ ಸಾಕು ಅನ್ನುತ್ತಾರೆ. ಹೇಳಿ, ಪ್ಲಾಸ್ಟಿಕ್ ಚೀಲದಿಂದ ಫೋನು ತೆಗೆದು ಮಗಳ ಸಂದೇಶ ತೋರಿಸುತ್ತಾರೆ.

“ಸಿಟ್ಟಲ್ಲಿ ಬರೆದಿದ್ದು, ತುಂಬಾ ತಪ್ಪಿದೆ ಅಂತಾರೆ ಎಲ್ರೂ. ನಾನು ದಿನಾ ಓದ್ತೀನಿ ಸರ್. ನಂಗಂತೂ ಒಂದು ತಪ್ಪೂ ಕಾಣ್ಲಿಲ್ಲ.”