ಕೆಂಪಾಗದ ಹಲ್ಲು

ನಾನು ನಿಂತಿದ್ದು ಶಾಲೆಯ ಜಗಲಿಯ ಮೇಲಿನಿಂದ ಎರಡನೇ ಮೆಟ್ಟಿಲ ಮೇಲೆ. ಅರವತ್ತರ ದಶಕದ ನಡುವಿನ ಒಂದು ವರ್ಷ, ದೀಪಾವಳಿ ಕಳೆದ ಮೇಲಿನ ಎರಡನೇ ಗುರುವಾರ, ಬೆಳಿಗ್ಗೆ ಹನ್ನೊಂದಕ್ಕೆ ಐದು ನಿಮಿಷ ಬಾಕಿ. ಎಡಗೈಯಲ್ಲಿ ಕೆಂಪು ಔಷಧಿಯ ಸೀಸೆ, ಬಲಗೈಯಲ್ಲಿ ತುದಿಗೆ ಹತ್ತಿ ಸುತ್ತಿದ ಕಡ್ಡಿ. ಶಾಲೆ ಹೊಸನಗರದಿಂದ ಹುಲಿಕಲ್ ಕಡೆಗೆ ಹೋಗುವ ರಸ್ತೆಯಲ್ಲಿತ್ತು. ಯಾವ ಶಾಲೆ ಎಂದು ಹೇಳುವುದಿಲ್ಲ.

ಇಷ್ಟು ಖಚಿತವಾಗಿ ಬರೆಯಲು ಕಾರಣವಿದೆ. ಈ ಸಂಗತಿ ಮೂರು ತಾಲ್ಲೂಕಿನಲ್ಲಿ ಮೂರು ಬಗೆಯಾಗಿ ಓಡಾಡುತ್ತಿದೆ. ಊರವರು ನನ್ನನ್ನು ಬಸ್ ಸ್ಟ್ಯಾಂಡಿನವರೆಗೆ ಅಟ್ಟಿಸಿಕೊಂಡು ಬಂದರು ಎಂದು ಸಾಗರದಲ್ಲಿ ಹೇಳುತ್ತಾರೆ. ನನ್ನ ಸ್ವಂತ ತಾಲ್ಲೂಕಾದ ತೀರ್ಥಹಳ್ಳಿಯಲ್ಲಿ, ನನ್ನನ್ನು ಕಂಬಕ್ಕೆ ಕಟ್ಟಿ ನನ್ನ ಹಲ್ಲಿಗೇ ಬಣ್ಣ ಬಳಿದರು ಎನ್ನುತ್ತಾರೆ. ನಡೆದ ಜಾಗವಾದ ಹೊಸನಗರದಲ್ಲಿ, ಹೆಡ್ ಮೇಷ್ಟ್ರು ಹಿಂಬಾಗಿಲಿನಿಂದ ಓಡಿದರು ಎಂಬ ಮಾತಿದೆ. ಯಾರೂ ಓಡಲಿಲ್ಲ. ಆ ಶಾಲೆಗೆ ಹಿಂಬಾಗಿಲೇ ಇರಲಿಲ್ಲ.

ಆ ಹೊತ್ತಿನಲ್ಲಿ ನಾನು ಕಂಡಿದ್ದನ್ನು ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ನಾನಾಗ ಬೆಂಗಳೂರಿನಲ್ಲಿ ದಂತ ನೈರ್ಮಲ್ಯ ಕಲಿಯುತ್ತಿದ್ದೆ. ಅದು ಎರಡು ವರ್ಷದ ತರಬೇತಿ. ಪದವಿ ಎಂಬ ಹೆಸರು ಅದಕ್ಕಿರಲಿಲ್ಲ. ಅಪ್ಪ ಮಾತ್ರ ಊರಲ್ಲೆಲ್ಲ ಡಿಗ್ರಿ ಎಂದೇ ಹೇಳಿದ್ದರು. ಗೇಣಿ ಗದ್ದೆ ಮಾಡುವ ಮನೆಯಿಂದ ಹೊರಗೆ ಓದಲು ಹೋದ ಮೊದಲಿಗ ನಾನು, ಹಾಗಾಗಿ ಆ ಮಾತನ್ನು ತಿದ್ದಲು ನನಗೂ ಮನಸ್ಸಾಗಲಿಲ್ಲ. ನಾನು ಹಲ್ಲು ಕೀಳುವಂತಿರಲಿಲ್ಲ, ತೂತು ತುಂಬುವಂತಿರಲಿಲ್ಲ. ಕೊಳೆ ತೆಗೆಯುವುದು, ಉಜ್ಜುವುದನ್ನು ಕಲಿಸುವುದು, ಅಷ್ಟೇ. ಇದನ್ನು ಮನೆಯಲ್ಲಿ ವಿವರಿಸಿದಾಗ ಚಿಕ್ಕಪ್ಪ ಕೇಳಿದ್ದರು:

"ಹಲ್ಲು ಉಜ್ಜೋದು ಕಲಿಯಾಕೆ ಎರಡು ವರ್ಷ ಬೇಕಾ?"

"ಬೇಕು ಚಿಕ್ಕಪ್ಪ."

"ಹಂಗಾರೆ ಮುಖ ತೊಳ್ಯೋದು ಕಲಿಯಾಕೆ ಯಾವ ಊರಿಗೆ ಹೋಗ್ತೀಯ?"

ಕೊನೆಯ ಪರೀಕ್ಷೆಗೆ ಕೂರುವ ಮುಂಚೆ ನಾವು ಪ್ರತಿಯೊಬ್ಬರೂ ನಮ್ಮ ನಮ್ಮ ಜಿಲ್ಲೆಯ ಒಂದು ಶಾಲೆಗೆ ಹೋಗಿ ಮೂವತ್ತೆರಡು ಮಕ್ಕಳ ಬಾಯಿ ನೋಡಬೇಕಿತ್ತು. ಹಲ್ಲಿಗೆ ಕೆಂಪು ಔಷಧಿ ಹಚ್ಚಿ ಬಾಯಿ ಮುಕ್ಕಳಿಸಿದರೆ, ಕೊಳೆ ಇರುವ ಕಡೆ ಮಾತ್ರ ಬಣ್ಣ ಉಳಿಯುತ್ತದೆ. ಒಂದೊಂದು ಬಾಯಲ್ಲಿ ಆರು ಹಲ್ಲು ನೋಡಬೇಕು. ಬಣ್ಣ ಹಿಡಿಯದ ಹಲ್ಲಿಗೆ ಸೊನ್ನೆ, ಪೂರ್ತಿ ಹಿಡಿದ ಹಲ್ಲಿಗೆ ಮೂರು. ಎಲ್ಲವನ್ನೂ ಕೂಡಿಸಿ ಪುಸ್ತಕದಲ್ಲಿ ಬರೆದು, ಮಕ್ಕಳಿಗೆ ಉಜ್ಜುವ ಕ್ರಮ ಕಲಿಸಿ, ಒಂದು ವಾರ ಬಿಟ್ಟು ಮತ್ತೆ ಎಣಿಸಬೇಕು. ಎರಡನೇ ಮೊತ್ತ ಮೊದಲಿನದಕ್ಕಿಂತ ಕಡಿಮೆ ಇರಬೇಕು. ಕೆಳಗೆ ಹೆಡ್ ಮೇಷ್ಟ್ರ ಸಹಿ. ಪುಸ್ತಕ ಸರಿಯಿಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ನಮ್ಮ ಅಧ್ಯಾಪಕರು ಮೂರು ಸಲ ಹೇಳಿ ಕಳಿಸಿದ್ದರು. ಅಪ್ಪನ ಡಿಗ್ರಿ ಆ ಪುಸ್ತಕದ ಮೇಲೆ ನಿಂತಿತ್ತು.

ಮೊದಲ ಗುರುವಾರ ಎಲ್ಲ ಸರಿಯಾಗಿಯೇ ಶುರುವಾಯಿತು. ನಾನು ಮಾಡಿದ ತಪ್ಪು ಒಂದೇ. ಹಚ್ಚಿದ ಬಣ್ಣವನ್ನು ಉಜ್ಜಿ ತೆಗೆಸುವ ಮೊದಲು ಮಕ್ಕಳ ಕೈಗೆ ಕನ್ನಡಿ ಕೊಟ್ಟೆ. ಕೊಡಬೇಕೆಂದೇ ಪಾಠದಲ್ಲಿತ್ತು. ತಮ್ಮ ಕೊಳೆ ತಾವೇ ಕಂಡರೆ ಮಕ್ಕಳು ನಾಚಿಕೊಳ್ಳುತ್ತಾರೆ ಎಂದು ಬರೆದಿತ್ತು. ಆ ಪಾಠ ಬರೆದವರು ಅಡಿಕೆ ಬೆಳೆಯುವ ಸೀಮೆಯನ್ನು ನೋಡಿರಲಿಲ್ಲ.

ಓದುವ ಮಕ್ಕಳು ಎಲೆ ಅಡಿಕೆ ಹಾಕಬಾರದು, ಹಾಕಿದರೆ ನಾಲಿಗೆ ದಪ್ಪವಾಗಿ ಪಾಠ ಹತ್ತುವುದಿಲ್ಲ ಎಂದು ನಮ್ಮ ಕಡೆ ಎಲ್ಲ ಮನೆಯಲ್ಲೂ ಹೇಳುತ್ತಾರೆ. ಹೇಳುವವರ ಬಾಯೆಲ್ಲ ಕೆಂಪಗಿರುತ್ತದೆ. ಕೆಂಪು ಬಾಯಿ ಎಂದರೆ ದೊಡ್ಡವರಾದ ಗುರುತು. ಸಾಲಿನಲ್ಲಿ ಮೊದಲಿದ್ದವನು ಕನ್ನಡಿ ನೋಡಿಕೊಂಡು ಮೆಲ್ಲಗೆ ಹೇಳಿದ:

"ಸಾರ್, ನಾನು ನಮ್ಮಜ್ಜನ ಹಂಗೇ ಕಾಣ್ತೀನಿ."

ಆಮೇಲೆ ಒಬ್ಬನೂ ಉಜ್ಜಲು ಒಪ್ಪಲಿಲ್ಲ. ಬ್ರಷ್ ಹಿಡಿದು ಹತ್ತಿರ ಹೋದರೆ ತುಟಿ ಬಿಗಿದು ತಲೆ ಅಲ್ಲಾಡಿಸಿದರು. ಒಬ್ಬ ಎರಡು ಬೆರಳನ್ನು ತುಟಿಗೆ ಒತ್ತಿಕೊಂಡು, ಜಗಲಿಯಿಂದ ಬಗ್ಗಿ, ದಾಸವಾಳದ ಬುಡಕ್ಕೆ ಪಿಚಕ್ಕೆಂದು ಉಗಿದ. ಅದನ್ನು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ, ಹುಟ್ಟಿದಾಗಿನಿಂದ ನೋಡಿದ್ದ. ಇನ್ನೊಬ್ಬ ಇನ್ನೊಬ್ಬನಿಗೆ, "ಏನ್ ಮಾರಾಯ್ರೆ, ಈ ಸಲ ಕೊಯ್ಲು ಹೆಂಗೆ?" ಎಂದು ವಿಚಾರಿಸುತ್ತಿದ್ದ. ಗಂಟೆ ಹೊಡೆಯಿತು. ಮೂವತ್ತೊಂದು ಕೆಂಪು ಬಾಯಿಗಳು ಮನೆಗೆ ಹೋದವು.

ಮೂವತ್ತೊಂದು ಎಂದಿದ್ದೇನೆ, ಲೆಕ್ಕ ತಪ್ಪಿಲ್ಲ. ಸಾಲಿನ ಕೊನೆಯಲ್ಲಿದ್ದದ್ದು ಐದನೇ ತರಗತಿಯ ಒಬ್ಬಳು ಹುಡುಗಿ. ಅವಳ ಆರು ಹಲ್ಲಿಗೂ ಬಣ್ಣ ಹತ್ತಲಿಲ್ಲ. ಆರೂ ಸೊನ್ನೆ. ಬೆಂಗಳೂರಿನ ಹಾಸ್ಟೆಲ್ ಹುಡುಗರಲ್ಲೂ ನಾನು ಅಂಥ ಬಾಯಿ ಕಂಡಿರಲಿಲ್ಲ. ನನ್ನದೂ ಹಾಗಿರಲಿಲ್ಲ.

"ಇಡೀ ಶಾಲೆಯಲ್ಲಿ ನಿನ್ನ ಹಲ್ಲೇ ಚೊಕ್ಕ," ಎಂದೆ.

"ನಂಗೆ ಕೆಂಪು ಬರ್ಲೇ ಇಲ್ಲ."

"ಬರದೇ ಇರೋದೇ ಒಳ್ಳೇದು."

"ಇನ್ನೊಂದು ಸಲ ಹಚ್ಚಿ ಸಾರ್."

ಹಚ್ಚಿದೆ. ಮುಕ್ಕಳಿಸಿದಳು. ಮತ್ತೆ ಬಿಳಿ. ಅವಳು ಅಳುತ್ತಾ ಹೋದಳು. ಆ ದಿನದ ಮೊತ್ತ ಇನ್ನೂರ ನಲವತ್ತೊಂದು.

ಮರುದಿನ ಬೆಳಿಗ್ಗೆ ಶಾಲೆಯ ಮುಂದೆ ಹದಿನೇಳು ಜನ ನಿಂತಿದ್ದರು. ಹದಿನಾರು ಜನರದ್ದು ಒಂದೇ ದೂರು: ಬೆಂಗಳೂರಿನಿಂದ ಬಂದ ಹುಡುಗ ಮಕ್ಕಳಿಗೆ ಎಲೆ ಅಡಿಕೆ ಹಾಕಿಸಿದ್ದಾನೆ. ಹದಿನೇಳನೆಯವರು ಆ ಹುಡುಗಿಯ ಅಜ್ಜಿ. ಗುಂಪನ್ನು ಸರಿಸಿಕೊಂಡು ಮುಂದೆ ಬಂದರು.

"ನಂದು ಬೇರೆ ಮಾತು ತಮ್ಮಾ. ಎಲ್ಲಾ ಮಕ್ಕಳಿಗೂ ಹಾಕಿ ನಮ್ಮ ಹುಡುಗಿಗೆ ಯಾಕೆ ಹಾಕ್ಲಿಲ್ಲ? ಗೇಣಿ ಮಾಡೋರ ಮನೆ ಹುಡುಗಿ ಅಂತನಾ?"

"ನಮ್ಮದೂ ಗೇಣಿ ಮನೆಯೇ ಅಜ್ಜಿ. ಹಚ್ಚಿದೆ. ಎರಡು ಸಲ ಹಚ್ಚಿದೆ. ಹತ್ತಲಿಲ್ಲ."

"ಎಲ್ಲರಿಗೂ ಹತ್ತಿದ್ದು ಇವಳಿಗೆ ಹತ್ತಲ್ಲ ಅಂದ್ರೆ ಎಂತದು ಅದು?"

ನಾನು ಮೆಟ್ಟಿಲ ಮೇಲೆ ನಿಂತು ಪಾಠದಲ್ಲಿದ್ದಂತೆಯೇ ಹೇಳಿದೆ: ಇದು ಎಲೆ ಅಡಿಕೆಯಲ್ಲ, ಔಷಧಿ. ಹಲ್ಲಿನ ಮೇಲೆ ಕೆಂಪು ಕಂಡರೆ ಅಲ್ಲಿ ಕೊಳೆ ಇದೆ ಎಂದರ್ಥ. ಎಷ್ಟು ಕೆಂಪೋ ಅಷ್ಟು ಕೊಳೆ.

ಹೇಳಿ ಮುಗಿಸಿದ ಮೇಲೆ ಎದುರಿಗೆ ಯಾರಿದ್ದಾರೆ ಎಂದು ನೋಡಿದೆ. ಹದಿನಾರು ಬಾಯಿಗಳು ಒಂದೊಂದಾಗಿ ಮುಚ್ಚಿಕೊಂಡವು. ನನ್ನ ಪಕ್ಕದಲ್ಲಿದ್ದ ಹೆಡ್ ಮೇಷ್ಟ್ರು ಮೂವತ್ತು ವರ್ಷದಿಂದ ಎಲೆ ಸಂಚಿಯನ್ನು ಹಾಜರಿ ಪುಸ್ತಕದ ಕೆಳಗೆ ಇಟ್ಟುಕೊಂಡು ಬಂದವರು. ಅವರೂ ತುಟಿ ಮುಚ್ಚಿ, ಉಳಿದ ಸಮಾಧಾನವನ್ನೆಲ್ಲ ಕೈಸನ್ನೆಯಲ್ಲೇ ಮಾಡಿದರು. ಜಗಳ ಆಡಲು ಬಾಯಿ ತೆರೆಯಲೇಬೇಕು, ಹಾಗಾಗಿ ಜಗಳವಾಗಲಿಲ್ಲ. ಜನ ಚದುರಿದರು. ಅಜ್ಜಿ ಒಬ್ಬರೇ ಬಾಯ್ತುಂಬ ನಕ್ಕರು. ಯಜಮಾನರು ತೀರಿಕೊಂಡ ಮೇಲೆ ಎಲೆ ಬಿಟ್ಟವರಂತೆ. ಭತ್ತದ ಉಮಿ ಸುಟ್ಟ ಕರಿಗೆ ಉಪ್ಪು ಬೆರೆಸಿ, ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ದಿನಾ ಉಜ್ಜುತ್ತಿದ್ದರು. ಆ ಸೊನ್ನೆಗಳು ಎಲ್ಲಿಂದ ಬಂದವು ಎಂದು ಆಗ ತಿಳಿಯಿತು.

ಆ ವಾರವೆಲ್ಲ ನಾನು ಹೊಸನಗರ ಪೇಟೆಯ ನೆಂಟರ ಮನೆಯಿಂದ ನಡೆದು ಬಂದು ಉಜ್ಜುವ ಕ್ರಮ ಕಲಿಸಿದೆ. ಮಕ್ಕಳು ಬಹಳ ಶ್ರದ್ಧೆಯಿಂದ ಕೇಳಿದರು. ಇಷ್ಟೊಂದು ಶ್ರದ್ಧೆ ಯಾಕೆ ಎಂದು ನಾನು ಅನುಮಾನಿಸಬೇಕಿತ್ತು.

ಈಗ ಎರಡನೇ ಗುರುವಾರ. ಎರಡನೇ ಮೆಟ್ಟಿಲು. ಮೊದಲ ಹುಡುಗನ ಹಲ್ಲು ಮುಕ್ಕಳಿಸಿದ ಮೇಲೂ ದಾಸವಾಳದಂತಿತ್ತು. ಎಲ್ಲ ಆರಕ್ಕೂ ಮೂರು.

"ದಿನಾ ಉಜ್ಜಿದೆಯೇನೋ?"

"ಒಂದಿನಾನೂ ಇಲ್ಲ ಸಾರ್," ಎಂದ, ಬಹುಮಾನ ಕೇಳುವವನ ಹಾಗೆ. "ಕೊಳೆ ಇದ್ರೆ ಕೆಂಪು ಜಾಸ್ತಿ ಬರ್ತದೆ ಅಂತ ನೀವೇ ಹೇಳಿದ್ರಲ್ಲ."

ಹಿಂದಿನವನು ಇಣುಕಿ, "ಇವನದು ಎಂಥ ಕೆಂಪು, ನಾನು ಬೆಲ್ಲ ತಿಂದು ಮಲಗ್ತಿದ್ದೆ," ಎಂದ.

ಸಾಲು ಮುಂದುವರಿಯಿತು. ಹನ್ನೊಂದಕ್ಕೆ ಐದು ನಿಮಿಷ ಇದ್ದಾಗ ಆ ಹುಡುಗಿ ಬಂದಳು. ಹಚ್ಚಿದೆ. ಮುಕ್ಕಳಿಸಿದಳು. ಕನ್ನಡಿ ನೋಡಿದಳು. ಆರಕ್ಕೆ ಆರೂ ಕೆಂಪಾಗಿದ್ದವು. ಅವಳು ನಕ್ಕಳು. ವಾರದ ಹಿಂದೆ ಅತ್ತ ಮುಖದಲ್ಲಿ ಅಂಥ ನಗು ಇರಬಹುದೆಂದು ನನಗೆ ಗೊತ್ತಿರಲಿಲ್ಲ.

ನಾನು ಕಂಡಿದ್ದು ಇದು. ಎರಡು ವರ್ಷ ಓದಿ, ಇಡೀ ಶಾಲೆಯಲ್ಲಿ ಸಿಕ್ಕಿದ ಒಂದೇ ಒಂದು ಚೊಕ್ಕ ಬಾಯಿಯನ್ನು ಏಳು ದಿನದಲ್ಲಿ ಕೆಡಿಸಿದ್ದೆ. ಕಡ್ಡಿ ಕೈಯಿಂದ ಜಾರಿ ಮೂರನೇ ಮೆಟ್ಟಿಲಿಗೆ ಬಿತ್ತು. ಅದನ್ನು ಎತ್ತಿಕೊಡಲು ಬಗ್ಗಿದವಳೂ ಅವಳೇ.

ಮೊತ್ತ ಮುನ್ನೂರ ತೊಂಬತ್ತೆಂಟು. ಎರಡು ಸಲ ಕೂಡಿಸಿದೆ. ಹೆಡ್ ಮೇಷ್ಟ್ರು ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡು, ಬಾಯಿಗೆ ಕೈ ಅಡ್ಡ ಹಿಡಿದು ಹೇಳಿದರು:

"ಇನ್ನೂರ ಚಿಲ್ಲರೆಗಿಂತ ಕಮ್ಮಿ ಏನಾದ್ರೂ ಬರಿ. ನಾನು ಸಹಿ ಹಾಕ್ತೀನಿ. ಬೆಂಗಳೂರಿಂದ ಯಾರಾದ್ರೂ ಬಂದು ಈ ಬಾಯಿಗಳನ್ನ ಎಣಿಸ್ತಾರಾ?"

ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು ಪೆನ್ನಿನ ಮುಚ್ಚಳ ತೆಗೆದೆ. ಅಪ್ಪ ನೆನಪಾದರು. ಆ ಹುಡುಗಿಯ ಸಾಲಿನಲ್ಲಿ ಆರು ಸೊನ್ನೆ ಬರೆಯಬೇಕಾಗುತ್ತದಲ್ಲ ಎಂಬುದೂ ನೆನಪಾಯಿತು. ಮುನ್ನೂರ ತೊಂಬತ್ತೆಂಟು ಎಂದೇ ಬರೆದೆ. ಮೇಷ್ಟ್ರು ಸಹಿ ಹಾಕದೆ ತಮ್ಮ ಪೆನ್ನು ಕೆಳಗಿಟ್ಟರು.

ಮಧ್ಯಾಹ್ನ ಅಜ್ಜಿ ಬಂದರು.

"ಎಂಟು ದಿನದಿಂದ ಈ ಹುಡುಗಿ ಹಲ್ಲಿಗೆ ಕರಿ ಮುಟ್ಟಿಸಿಲ್ಲ. ನನ್ನ ಕಣ್ಣು ತಪ್ಪಿಸಿ ಮಸಿ ಬೆರಳನ್ನ ತುಟಿಗೆ ಒರೆಸ್ಕೊಂಡು ಬರ್ತಿತ್ತು. ನೀನು ಓದಿದ್ದು ಇದಾ ತಮ್ಮಾ?"

"ತಪ್ಪಾಯ್ತು ಅಜ್ಜಿ. ಸೋಮವಾರ ನಾನು ಬೆಂಗಳೂರಿನಲ್ಲಿರಬೇಕು. ಎಂತ ಮಾಡೋದು ಗೊತ್ತಾಗ್ತಿಲ್ಲ."

"ಅವಕ್ಕೆ ಬೇಕಾಗಿರೋದು ಕೆಂಪಲ್ಲ. ದೊಡ್ಡೋರ ಹಂಗೆ ಕಾಣ್ಬೇಕು. ದೊಡ್ಡೋರ ಬಾಯಿ ಬೆಳ್ಳಗೆ ಮಾಡಿ ತೋರ್ಸು, ಅವೂ ಬೆಳ್ಳಗೆ ಮಾಡ್ಕೊಳ್ತವೆ." ಆಮೇಲೆ ಹೆಡ್ ಮೇಷ್ಟ್ರ ಕಡೆ ತಿರುಗಿದರು. "ಮೇಷ್ಟ್ರೇ, ಮಕ್ಕಳ ಬಾಯೆಲ್ಲ ತೆಗೆಸಿದ್ರಿ. ನಿಮ್ಮದು ಯಾಕೆ ಹೋದ ಶುಕ್ರವಾರದಿಂದ ಮುಚ್ಚೇ ಐತೆ?"

ಮೇಷ್ಟ್ರು ಕೈಸನ್ನೆ ಮಾಡಿದರು. ಈ ಸಲ ಅದು ನಡೆಯಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವರನ್ನು ಜಗಲಿಯ ಕುರ್ಚಿಯಲ್ಲಿ ಕೂರಿಸಿದೆ. ಮಕ್ಕಳು ಸುತ್ತ ನಿಂತರು. ಕೊಕ್ಕೆಯ ಹಾಗಿರುವ ಸ್ಕೇಲರ್ ಹಿಡಿದು, ಮೂವತ್ತು ವರ್ಷದ ಎಲೆ, ಅಡಿಕೆ, ಸುಣ್ಣ ಸೇರಿ ಕಲ್ಲಾಗಿದ್ದ ಕಾರೆಯನ್ನು ಕೆರೆಯತೊಡಗಿದೆ. ಒಂದು ದೊಡ್ಡ ಚೂರು ತಟ್ಟೆಗೆ ಬಿದ್ದು ಠಣ್ ಎಂದಿತು.

"ಮೇಷ್ಟ್ರ ಹಲ್ಲು ಬಿತ್ತು," ಎಂದು ಒಬ್ಬ ಪಿಸುಗುಟ್ಟಿದ.

"ಹಲ್ಲಲ್ಲ ಕಣೋ, ಅದು ಹಲ್ಲಿನ ಅಂಗಿ," ಎಂದಳು ಆ ಹುಡುಗಿ.

ಮೇಷ್ಟ್ರು ಬಾಯಿ ತೆರೆದುಕೊಂಡೇ ಇಬ್ಬರನ್ನೂ ಬೆಂಚಿನ ಮೇಲೆ ನಿಲ್ಲಲು ಆಜ್ಞೆ ಮಾಡಿದರು. ಅವರು ಹೇಳಿದ್ದು ಯಾರಿಗೂ ತಿಳಿಯಲಿಲ್ಲ. ಒಂದೂವರೆ ಗಂಟೆ ಹಿಡಿಯಿತು. ಮುಗಿದ ಮೇಲೆ ಕನ್ನಡಿ ಕೊಟ್ಟೆ. ಅವರು ನೋಡಿಕೊಂಡರು, ಕನ್ನಡಿಯ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದರು, ಮತ್ತೆ ನೋಡಿಕೊಂಡರು. ಮಕ್ಕಳು ಕತ್ತು ಚಾಚಿ ಇಣುಕಿದರು. ಆಗ ನಾನು ಹೇಳಿದೆ: ನಾಳೆ ಯಾರ ಹಲ್ಲಿಗೆ ಬಣ್ಣ ಹತ್ತುವುದಿಲ್ಲವೋ, ಅವರ ಕೈಗೆ ಸೀಸೆ ಕೊಡುತ್ತೇನೆ. ಅವರು ಹೆಡ್ ಮೇಷ್ಟ್ರ ಹಲ್ಲಿಗೆ ಬಣ್ಣ ಹಚ್ಚಬಹುದು.

ಆ ಸಂಜೆ ಆ ಊರಿನಲ್ಲಿ ಎಷ್ಟು ಉಮಿ ಸುಟ್ಟರೋ ಗೊತ್ತಿಲ್ಲ. ಶನಿವಾರದ ಮೊತ್ತ ನೂರ ಹದಿನೇಳು. ಆರು ಸೊನ್ನೆ ಬಂದದ್ದು ಒಬ್ಬಳಿಗೇ. ಅವಳು ಸೀಸೆ ತೆಗೆದುಕೊಂಡು, ಕುರ್ಚಿಯ ಮುಂದೆ ನಿಂತು, ನಾನು ಹೇಳುತ್ತಿದ್ದ ಧಾಟಿಯಲ್ಲೇ ಹೇಳಿದಳು:

"ಬಾಯಿ ದೊಡ್ಡದಾಗಿ ತೆಗೀರಿ. ಹೆದರ್ಬೇಡಿ."

ಹಚ್ಚಿದಳು, ಮುಕ್ಕಳಿಸಲು ನೀರು ಕೊಟ್ಟಳು, ಆರು ಹಲ್ಲನ್ನೂ ಒಂದೊಂದಾಗಿ ನೋಡಿದಳು.

"ನಿಮ್ದು ನಾಲ್ಕು, ಸಾರ್. ಹಿಂದಿನ ಹಲ್ಲು ಸರಿಯಾಗಿ ಉಜ್ಜಿಲ್ಲ."

"ಬರ್ಕೋ," ಎಂದರು ಮೇಷ್ಟ್ರು.

ನನ್ನ ಪುಸ್ತಕದಲ್ಲಿ ಎರಡು ಅಂಕಣಗಳಷ್ಟೇ ಇದ್ದವು. ಸ್ಕೇಲಿನಿಂದ ಗೆರೆ ಎಳೆದು ಮೂರನೆಯದನ್ನು ಮಾಡಿದೆ. ಹೆಡ್ ಮೇಷ್ಟ್ರು ಸಹಿ ಹಾಕಿ ಅದರ ಮೇಲೆ ಬರೆದರು: "ಮೂರೂ ಮೊತ್ತ ಸರಿಯಿದೆ. ಖುದ್ದು ನೋಡಿದ್ದೇನೆ. ಮೂವತ್ತಮೂರನೇ ಬಾಯಿ ನನ್ನದು."

ಬೆಂಗಳೂರಿನಲ್ಲಿ ನಮ್ಮ ಅಧ್ಯಾಪಕರು ಅದನ್ನು ಬಹಳ ಹೊತ್ತು ಓದಿದರು. ಎರಡನೇ ಮೊತ್ತ ಏರಿದ ಪುಸ್ತಕ ಆ ವರ್ಷ ಅವರಿಗೆ ಬಂದದ್ದು ಇದೊಂದೇ ಎಂದರು. ಉಳಿದವರ ಮೊತ್ತ ಇಳಿದದ್ದನ್ನು ನಂಬಬೇಕೋ ಬೇಡವೋ ಎಂದು ಈಗ ಯೋಚನೆಯಾಗುತ್ತಿದೆ ಎಂದರು. ಆಮೇಲೆ ನನ್ನ ಹೆಸರನ್ನು ಪರೀಕ್ಷೆಯ ಪಟ್ಟಿಗೆ ಸೇರಿಸಿದರು. ಅಪ್ಪನಿಗೆ ಪತ್ರ ಬರೆದೆ. ಡಿಗ್ರಿ ಎಂಬ ಮಾತನ್ನು ಆಗಲೂ ತಿದ್ದಲಿಲ್ಲ.

ಹೆಡ್ ಮೇಷ್ಟ್ರು ಈಗಿಲ್ಲ, ಅಜ್ಜಿ ಇಲ್ಲ, ನಮ್ಮ ಅಧ್ಯಾಪಕರೂ ಇಲ್ಲ. ಅಂದು ಜಗಲಿಯಲ್ಲಿದ್ದು ಇಂದಿಗೂ ಇರುವವರಲ್ಲಿ ನನಗೆ ಗೊತ್ತಿರುವವರು ಮೂವರು. ಸಾಲಿನಲ್ಲಿ ಮೊದಲು ನಿಂತಿದ್ದವನು ತೀರ್ಥಹಳ್ಳಿಯಲ್ಲಿ ಮಗನ ಮನೆಯಲ್ಲಿದ್ದಾನೆ. ಅವನ ಹಲ್ಲು ಈಗ ಕಟ್ಟಿಸಿದ್ದು. ಬೆಲ್ಲ ತಿಂದು ಮಲಗುತ್ತಿದ್ದವನು ಹೊಸನಗರದಲ್ಲೇ ಇದ್ದಾನೆ, ಮೇಷ್ಟ್ರು ಓಡಿದರು ಎಂದು ಹೇಳುವವನು ಅವನೇ. ಮೂರನೆಯವಳು ಸಾಗರದಲ್ಲಿ ಇಕ್ಕೇರಿಗೆ ಹೋಗುವ ದಾರಿಯಲ್ಲಿ ಇದ್ದಾಳೆ, ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಲ್ಲು ಉಜ್ಜಿಸುತ್ತಾಳೆ. ಹೋದ ವರ್ಷ ಕೇಳಿದಾಗ, ಕಡ್ಡಿ ಬಿದ್ದದ್ದು ಮೂರನೇ ಮೆಟ್ಟಿಲಿಗೇ ಎಂದಳು.