ಉಜ್ಜಮ್ಮ ಉಜ್ಜಿದ ಕೆರೆ

ಆ ಅಚ್ಚಿನ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಉಜ್ಜಮ್ಮ ಎಂದೇ. ಗಂಡ ತೀರಿಕೊಂಡ ಮೇಲೆ ಕೆಲಸ ಕೇಳಿಕೊಂಡು ಬಂದವಳು, "ಪಾತ್ರೆ ತಿಕ್ಕಿದ ಕೈ ಸ್ವಾಮಿ, ತಗಡು ಯಾವ ಲೆಕ್ಕ?" ಎಂದು ಯಜಮಾನನನ್ನೇ ನಗಿಸಿದ್ದಳು. ಚಿತ್ರಕಾರರು ಬರೆದ ಕೆರೆ, ಬೆಟ್ಟ, ಬಯಲುಗಳನ್ನು ಅಲ್ಲಿ ಅಲ್ಯೂಮಿನಿಯಂ ತಗಡಿನ ಮೇಲೆ ಅಚ್ಚು ಹಾಕುತ್ತಿದ್ದರು. ಅದಕ್ಕೆ ಮೊದಲು ತಗಡನ್ನು ಮರಳುಕಾಗದದ ಒರಟು ಪಟ್ಟಿಯಿಂದ ಸಾಲುಸಾಲಾಗಿ, ಒಂದೇ ದಿಕ್ಕಿಗೆ ಉಜ್ಜಬೇಕು; ದಿಕ್ಕು ಬದಲಾದರೆ ಹೊಳಪೂ ಬದಲಾಗುತ್ತದೆ. ಚಿತ್ರದಲ್ಲಿ ಬೆಳಕಿರುವ ಕಡೆ ಬಣ್ಣ ಬೀಳುವುದಿಲ್ಲ, ಬರೀ ಲೋಹವೇ ಹೊಳೆಯಬೇಕು.

ಈಚೆಗೆ ಅವಳ ಬಲಭುಜ ಹಿಡಿದುಕೊಳ್ಳುತ್ತಿತ್ತು. ಹೇಳಿದರೆ ಉಜ್ಜುವ ಮೇಜು ಬಿಡಿಸಿ ಮನೆಗೆ ಕಳಿಸಿಬಿಡುತ್ತಾರೆಂದು ಹಲ್ಲು ಕಚ್ಚಿಕೊಂಡಿದ್ದಳು. ಅಲ್ಲೇ ಅಚ್ಚಿನ ಯಂತ್ರ ನೋಡಿಕೊಳ್ಳುವ ಸೊಸೆಯ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಅಂದು ಒಂದು ಹೋಟೆಲಿನ ಹಜಾರಕ್ಕೆ ಗೋಡೆಯಗಲದ ಕೆರೆಯ ಚಿತ್ರ ಹೋಗಬೇಕಿತ್ತು. ಸಂಜೆಗೆ ವ್ಯಾನು. ತಗಡಿನ ನಡುಮಟ್ಟಕ್ಕೆ ಬರುವಷ್ಟರಲ್ಲಿ ಭುಜ ಛಳಕ್ಕೆಂದಿತು. ಉಳಿದ ಸಾಲುಗಳನ್ನು ಎಡಗೈಯಲ್ಲಿ, ಆ ಅಂಚಿನಿಂದ ಈ ಅಂಚಿಗೆ ಎಳೆದು ಮುಗಿಸಿದಳು. ಮೇಜಿನ ಮೇಲೆ ಏನೂ ಗೊತ್ತಾಗಲಿಲ್ಲ.

ಅಚ್ಚಾಗಿ ಬಂದದ್ದನ್ನು ಯಜಮಾನ ಕಿಟಕಿಯೆದುರು ಒರಗಿಸಿದ.

"ಇದೇನಿದು, ಅರ್ಧ ಕೆರೆಗೆ ಬಿಸಿಲು, ಅರ್ಧ ಕೆರೆಗೆ ಗ್ರಹಣ?" ಸೊಸೆಯ ಕಡೆ ತಿರುಗಿದ. "ಹೋದ ಸಲಾನೇ ಹೇಳಿದ್ದೆ. ಇನ್ನೊಂದು ಕೆಡಿಸಿದ್ರೆ ನಾಳೆಯಿಂದ ಬರ್ಬೇಡ ಅಂತ."

"ಮಸಿ ಸರಿಯಾಗೇ ಬಿದ್ದಿದೆ ಸಾರ್..." ಸೊಸೆ ಅಚ್ಚಿನ ಮೇಲೆ ಬೆರಳಿಟ್ಟು ತೋರಿಸಿದಳು.

ಉಜ್ಜಮ್ಮ ತಗಡನ್ನೂ ಸೊಸೆಯನ್ನೂ ನೋಡಿದಳು. ಸುಮ್ಮನಿದ್ದರೆ ತನ್ನ ಮೇಜು ಉಳಿಯುತ್ತದೆ.

"ಅವಳ ತಪ್ಪಲ್ಲ," ಎಂದಳು. "ನನ್ನ ಭುಜ ಬಿದ್ದುಹೋಗಿದೆ. ಅರ್ಧ ಎಡಗೈಯಲ್ಲಿ ಉಜ್ಜಿದೆ, ತಿರುವುಮುರುವು."

"ಮೊದ್ಲೇ ಹೇಳೋಕೆ ಏನಾಗಿತ್ತು ನಿಮಗೆ?" ಸೊಸೆ ಸಿಡುಕಿದಳು. "ಸಾರಿಗೆ ಉಪ್ಪು ಹೆಚ್ಚಾದ್ರೆ ಬೀದಿಗೆಲ್ಲ ಕೇಳೋ ಹಾಗೆ ಕೂಗ್ತೀರಿ!"

ಅಷ್ಟಗಲದ್ದು ಇನ್ನೊಂದೇ ತಗಡು ಉಳಿದಿತ್ತು. "ಈಗ ಯಾರು ಉಜ್ತಾರೆ?" ಎಂದ ಯಜಮಾನ.

ಉಜ್ಜಮ್ಮ ಪಟ್ಟಿಯನ್ನು ಸೊಸೆಯ ಕೈಗೆ ತುರುಕಿ ಬೆನ್ನಿಗೆ ನಿಂತಳು. "ಸೊಂಟದಿಂದ ಎಳಿ. ಉಸಿರು ಬಿಡು, ಕೈ ಬಿಡ್ಬೇಡ."

"ನಡುಗ್ತಿದೆ ಅತ್ತೆ."

"ನಡುಗ್ಲಿ. ನಿಲ್ಲಿಸ್ಬೇಡ."

ಪಟ್ಟಿ ಕರಕರ ಎನ್ನುತ್ತ ಸಾಲು ಹಿಡಿದು ಸಾಗಿತು. ಕೊನೆಯ ಸಾಲು ಮುಗಿದದ್ದೇ ಉಜ್ಜಮ್ಮ ತಗಡನ್ನು ಬೆಳಕಿಗೆ ಓರೆ ಮಾಡಿಸಿದಳು. ಮೇಲಿಂದ ಕೆಳಗಿನ ತನಕ ಒಂದೇ ಹೊಳಪು.

ಯಜಮಾನ ದೊಡ್ಡದಾಗಿ ಉಸಿರು ಬಿಟ್ಟ. "ಇನ್ಮೇಲೆ ಮೇಜು ಅವಳಿಗೇ. ಮಿಷಿನ್ನಿಗೆ ಬೇರೆಯವರನ್ನ ನೋಡ್ತೀನಿ. ನೀವು ಮನೇಲಿ..."

"ಇವಳ ಮೊಣಕೈ ಇನ್ನೂ ಮೇಲಕ್ಕೇಳುತ್ತೆ. ಅದನ್ನ ಯಾರು ತಿದ್ತಾರೆ, ನೀವಾ?" ಎಂದ ಉಜ್ಜಮ್ಮ ಕುರ್ಚಿ ಎಳೆದುಕೊಂಡು ಮೇಜಿನ ಪಕ್ಕದಲ್ಲೇ ಕುಳಿತಳು. "ಸರಿ, ಕೂತ್ಕೊಳ್ಳಿ," ಎಂದ ಯಜಮಾನ ತಗಡನ್ನು ಅಚ್ಚಿಗೆ ಎತ್ತಿಸಿದ.